ಮೈನೋವು ಮತ್ತು ಕಿಡ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟ ಹಿಡಿದರೂ ಕಿಡ್ನಿ, ಪಕ್ಕೆ ಚುಚ್ಚಿದರೂ ಕಿಡ್ನಿ ಅಂತ ಹೆದರುವವರಿದ್ದಾರೆ. ಪಾದ ಊದಿಕೊಂಡು, ಮೂತ್ರದಲ್ಲಿ ನೊರೆ ಬರುತ್ತಿದ್ದರೂ "ನೋವಿಲ್ಲವಲ್ಲ" ಅಂತ ತಿಂಗಳುಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ನನಗೆ ಜಾಸ್ತಿ ಚಿಂತೆ ಈ ಎರಡನೆಯವರದ್ದೇ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಪೂರ್ತಿ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಸೊಂಟ ನೋಯ್ತಾ ಇದೆ. ಕಿಡ್ನಿ ಕೆಟ್ಟಿದೆ ಅಂತಾನಾ?

ಬಹುಪಾಲು ಅಲ್ಲ. ಸೊಂಟ ನೋವು ಬಂದವರಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಸ್ನಾಯು, ಕೀಲು ಅಥವಾ ಡಿಸ್ಕ್‌ನಲ್ಲಿ. ದಿನವಿಡೀ ಬಗ್ಗಿ ನಾಟಿ ಹಾಕಿದ್ದು, ಹಳ್ಳ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದ್ದು, ಕುರ್ಚಿ ಬಿಟ್ಟು ಏಳದೆ ಕೆಲಸ ಮಾಡಿದ್ದು ಇದಕ್ಕೆಲ್ಲ ಸಾಕು. ಆದರೆ ನೋವಿನ ಜೊತೆ ಜ್ವರ, ಉರಿಮೂತ್ರ, ಕೆಂಪು ಅಥವಾ ಕೋಲಾ ಬಣ್ಣದ ಮೂತ್ರ, ವಾಂತಿ, ಮುಖ ಅಥವಾ ಪಾದದ ಊತ ಸೇರಿಕೊಂಡರೆ ಲೆಕ್ಕ ಬೇರೆ. ನೋವೊಂದನ್ನೇ ನೋಡಬೇಡಿ, ಅದರ ಜೊತೆ ಇನ್ನೇನು ಬಂದಿದೆ ಅಂತ ನೋಡಿ.

ಕಿಡ್ನಿ ನೋವು ಅಂದ್ರೆ ಸರಿಯಾಗಿ ಎಲ್ಲಿ ನೋಯುತ್ತೆ?

ಹೀಗೆ ಕೇಳುವವರು ಸಾಮಾನ್ಯವಾಗಿ ಬೆಲ್ಟ್ ಕಟ್ಟುವ ಜಾಗದಲ್ಲಿ ಅಂಗೈ ಇಟ್ಟುಕೊಂಡೇ ಕೇಳುತ್ತಾರೆ. ಕಿಡ್ನಿ ಇರುವುದು ಅದಕ್ಕಿಂತ ಮೇಲೆ. ಹೆಬ್ಬೆರಳನ್ನು ಬೆನ್ನ ಹಿಂದೆ ಒಯ್ದು ಕೊನೆಯ ಪಕ್ಕೆಲುಬನ್ನು ಹುಡುಕಿ. ಅದರ ಅಂಚು ಹಿಡಿದು ಬೆನ್ನುಮೂಳೆಯ ಕಡೆ ಸರಿಯಿರಿ. ಎರಡೂ ಸೇರುವಲ್ಲಿ ಒಂದು ಮೂಲೆ ಸಿಗುತ್ತದೆ. ಕಿಡ್ನಿಯ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ಮೂಲೆಯಲ್ಲಿ, ಮತ್ತು ಅಲ್ಲಿಂದ ಪಕ್ಕೆಗೆ ಬರುವ ದಾರಿಯಲ್ಲಿ. ಹೆಚ್ಚಿನ ಸಲ ಒಂದೇ ಕಡೆ.

ಕಿಡ್ನಿಯ ಒಳಗಿನ ಮಾಂಸಕ್ಕೆ ನೋವು ತಿಳಿಸುವ ನರಗಳಿಲ್ಲ. ನೋವು ಗೊತ್ತಾಗುವುದು ಅದರ ಮೇಲಿನ ತೆಳು ಹೊದಿಕೆಗೆ, ಮತ್ತು ಮೂತ್ರ ಇಳಿದು ಬರುವ ನಾಳಕ್ಕೆ. ಸೋಂಕಿನಿಂದ ಕಿಡ್ನಿ ಬಾತು ಹೊದಿಕೆ ಬಿಗಿದರೆ, ಅಥವಾ ನಾಳ ಕಟ್ಟಿಕೊಂಡರೆ ಅದು ನೋಯುತ್ತದೆ. ಒಳಗಿನ ಸೋಸುವ ಭಾಗ ನಿಧಾನವಾಗಿ ಹಾಳಾದರೆ ನೋಯುವುದಿಲ್ಲ. ಈ ಪುಟದಲ್ಲಿ ಇದೊಂದು ಮಾತು ನೆನಪಿನಲ್ಲಿ ಉಳಿದರೂ ನನಗೆ ಸಂತೋಷ.

ಬೆನ್ನು ಹಿಡ್ಕೊಂಡಿದೆಯೋ, ಕಿಡ್ನಿ ನೋವೋ, ಮನೇಲೇ ಗೊತ್ತಾಗುತ್ತಾ?

ಅಂದಾಜು ಮಾಡಬಹುದು, ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ. ಸ್ನಾಯುವಿನ ನೋವು ನೀವು ಬಗ್ಗಿದರೆ, ತಿರುಗಿದರೆ, ಎದ್ದರೆ ಜಾಸ್ತಿಯಾಗುತ್ತದೆ. ಯಾವುದೋ ಒಂದು ಭಂಗಿಯಲ್ಲಿ ಮಲಗಿದರೆ ಹಾಯೆನಿಸುತ್ತದೆ. ಕಿಡ್ನಿ ಕಲ್ಲಿನ ನೋವಿಗೆ ಅಂಥ ಭಂಗಿಯೇ ಇಲ್ಲ. ಕೂತರೂ ಆಗದು, ನಿಂತರೂ ಆಗದು, ಮಲಗಿದರೂ ಆಗದು. ಸೊಂಟದಿಂದ ಹೊರಟು ಮಂಡಿ ದಾಟಿ ಪಾದದವರೆಗೆ ಝುಮ್ಮೆನ್ನುತ್ತಾ ಇಳಿದರೆ ಅದು ನರದ್ದು, ಕಿಡ್ನಿ ನೋವು ಅಷ್ಟು ಕೆಳಗೆ ಹೋಗುವುದಿಲ್ಲ.

ಇನ್ನೊಂದನ್ನು ಹಲವರು ಮರೆಯುತ್ತಾರೆ. ಪಕ್ಕೆಯ ಒಂದೇ ಭಾಗದಲ್ಲಿ ಚರ್ಮ ಮುಟ್ಟಿದರೂ ಉರಿ, ಎರಡು ಮೂರು ದಿನದಲ್ಲಿ ಸಾಲಾಗಿ ನೀರುಗುಳ್ಳೆ ಬಂದರೆ ಅದು ಸರ್ಪಸುತ್ತು. ಅದಕ್ಕೆ ಔಷಧಿಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಹಾಗಾಗಿ ಅಂಗಿ ತೆಗೆದು ಚರ್ಮವನ್ನೂ ಒಮ್ಮೆ ನೋಡಿಕೊಳ್ಳಿ.

ನಂಗೆ ಎಲ್ಲೂ ನೋವಿಲ್ಲ. ಹಾಗಾದ್ರೆ ನನ್ನ ಕಿಡ್ನಿ ಚೆನ್ನಾಗಿದೆ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಮುಖ್ಯ ಕಾರಣಗಳು ಶುಗರ್ ಮತ್ತು ಬಿಪಿ. ಇವೆರಡೂ ಕಿಡ್ನಿಯನ್ನು ಹಾಳು ಮಾಡುವುದು ವರ್ಷಗಳ ಕಾಲ, ಸದ್ದಿಲ್ಲದೆ. ಕಿಡ್ನಿ ಮುಕ್ಕಾಲು ಪಾಲು ಶಕ್ತಿ ಕಳೆದುಕೊಂಡ ಮೇಲೂ ಮಾಮೂಲಿನಂತೆ ಓಡಾಡುವವರಿದ್ದಾರೆ. ಅಂಥವರಲ್ಲಿ ಮೊದಲು ಕಾಣುವುದು ಬೇರೆ ಗುರುತುಗಳು. ಬೆಳಗ್ಗೆ ಎದ್ದಾಗ ಕಣ್ಣ ಸುತ್ತ ಊತ, ಸಂಜೆ ಹೊತ್ತಿಗೆ ಕಾಲ್ಚೀಲದ ಗುರುತು ಅಚ್ಚೊತ್ತಿದಂತೆ ಉಳಿಯುವುದು, ಮೂತ್ರದ ನೊರೆ ಬೇಗ ಒಡೆಯದಿರುವುದು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಕಾರಣವಿಲ್ಲದ ಸುಸ್ತು, ಮೈ ತುರಿಕೆ, ಊಟ ಸೇರದಿರುವುದು. ಬಿಪಿ ಮಾತ್ರೆಗೆ ಜಗ್ಗದಿದ್ದರೆ ಅದೂ ಒಂದು ಗುರುತೇ.

ನಿಮಗೆ ಶುಗರ್ ಅಥವಾ ಬಿಪಿ ಇದ್ದರೆ ನೋವಿಗೆ ಕಾಯದೆ ವರ್ಷಕ್ಕೊಮ್ಮೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಲೇಬೇಕು.

ಯಾವ ನೋವು ಬಂದ್ರೆ ಬೆಳಗಾಗೋವರೆಗೂ ಕಾಯಬಾರದು?

ಪಕ್ಕೆ ನೋವಿನ ಜೊತೆ ನಡುಕದ ಚಳಿಜ್ವರ ಬಂದರೆ. ನೋವಿನ ಜೊತೆ ಮೂತ್ರವೇ ನಿಂತುಹೋದರೆ. ಕುಡಿದ ನೀರೂ ವಾಂತಿಯಾಗಿ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ. ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ. ಗರ್ಭಿಣಿಗೆ, ಅಥವಾ ಒಂದೇ ಕಿಡ್ನಿ ಇರುವವರಿಗೆ ಇಂಥ ನೋವು ಬಂದರೆ. ರಾತ್ರಿಯಾದರೂ ಸರಿ, ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಕಲ್ಲಿನ ನೋವಿನ ವೇಷದಲ್ಲಿ ಬರುವ ಬೇರೆ ಅಪಾಯಗಳೂ ಇವೆ. ಹುಡುಗರಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ಜೋರು ನೋವು ಬಂದರೆ ಅದು ತಿರುಚಿಕೊಂಡಿರಬಹುದು, ಉಳಿಸಿಕೊಳ್ಳಲು ಸುಮಾರು 6 ಗಂಟೆಯಷ್ಟೇ ಸಮಯ ಇರುತ್ತದೆ. ನಾಚಿಕೆಯಿಂದ ಮಕ್ಕಳು ಹೇಳದೆ ಇರುತ್ತಾರೆ, ನೀವೇ ಕೇಳಿ. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕಿಬ್ಬೊಟ್ಟೆಯ ಒಂದು ಕಡೆ ನೋವು ಬಂದರೆ ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಅರವತ್ತು ದಾಟಿದ, ಬೀಡಿ ಸಿಗರೇಟಿನ ಅಭ್ಯಾಸವಿದ್ದ ಗಂಡಸಿಗೆ ಮೊದಲ ಸಲ ಬೆನ್ನು-ಪಕ್ಕೆಯಲ್ಲಿ ತೀವ್ರ ನೋವು ಬಂದು ತಲೆ ಸುತ್ತಿದರೆ, ಹೊಟ್ಟೆಯ ದೊಡ್ಡ ರಕ್ತನಾಳ ಒಡೆಯುತ್ತಿರಬಹುದು. ಇವು ಯಾವುದಕ್ಕೂ "ಕಲ್ಲಿರಬೇಕು, ನೀರು ಕುಡಿ" ಅನ್ನುವುದು ಉತ್ತರವಲ್ಲ.

## ಕಲ್ಲು ಮತ್ತು ಸೋಂಕು

ಇಷ್ಟೇ ಇಷ್ಟು ಕಲ್ಲಿಗೆ ಅಷ್ಟೊಂದು ನೋವು ಯಾಕೆ?

ನೋವು ಬರುವುದು ಕಲ್ಲು ಚುಚ್ಚುವುದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ಹಿಂದೆ ಕಟ್ಟಿಕೊಳ್ಳುವ ಮೂತ್ರ. ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ನಾಳದ ಒಳಗಿನ ಅಗಲ 3-4 ಮಿಲಿಮೀಟರ್ ಅಷ್ಟೇ. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಮೇಲಿನಿಂದ ಮೂತ್ರ ಬರುತ್ತಲೇ ಇರುತ್ತದೆ, ಕಿಡ್ನಿ ಉಬ್ಬುತ್ತದೆ, ನಾಳ ಕಲ್ಲನ್ನು ಕೆಳಗೆ ತಳ್ಳಲು ಹಿಂಡುತ್ತದೆ. ಆ ಹಿಂಡುವಿಕೆಗೆ ತಕ್ಕಂತೆ ನೋವು ಅಲೆಯಾಗಿ ಏರಿ ಇಳಿಯುತ್ತದೆ. ಕಲ್ಲು ಕೆಳಗಿಳಿದಂತೆ ನೋವೂ ಪಕ್ಕೆಯಿಂದ ಕಿಬ್ಬೊಟ್ಟೆಗೆ, ತೊಡೆಸಂದಿಗೆ, ಗಂಡಸರಲ್ಲಿ ವೃಷಣಕ್ಕೆ, ಹೆಂಗಸರಲ್ಲಿ ಯೋನಿಯ ತುಟಿಗಳವರೆಗೆ ಇಳಿಯುತ್ತದೆ. ಮೂತ್ರಕೋಶದ ಬಾಗಿಲಿಗೆ ಬಂದಾಗ ಐದು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಬರುವುದು ನಾಲ್ಕು ಹನಿ.

ಕಲ್ಲಿನ ಗಾತ್ರಕ್ಕೂ ನೋವಿಗೂ ಸಂಬಂಧವಿಲ್ಲ. ನಾಳಕ್ಕೆ ಬಿದ್ದ 4 ಮಿಲಿಮೀಟರ್ ಕಲ್ಲು ಗಟ್ಟಿಮುಟ್ಟಾದ ಮನುಷ್ಯನನ್ನೂ ನೆಲದ ಮೇಲೆ ಹೊರಳಾಡಿಸುತ್ತದೆ. ಕಿಡ್ನಿಯೊಳಗೆ ಕೊಂಬೆ ಕೊಂಬೆಯಾಗಿ ಬೆಳೆದ ದೊಡ್ಡ ಕಲ್ಲು ವರ್ಷಗಟ್ಟಲೆ ತೆಪ್ಪಗೆ ಕೂತಿರುತ್ತದೆ.

ರಾತ್ರಿಯೆಲ್ಲಾ ಒದ್ದಾಡಿದೆ, ಬೆಳಗ್ಗೆ ನೋವೇ ಇಲ್ಲ. ಕಲ್ಲು ಹೋಯ್ತು ಅಂತ ತಿಳ್ಕೊಳ್ಳಲಾ?

ತಿಳ್ಕೋಬೇಡಿ. ಹೋಗಿರಲೂಬಹುದು, 5 ಮಿಲಿಮೀಟರ್‌ಗಿಂತ ಚಿಕ್ಕವು ಹೆಚ್ಚಾಗಿ ತಾವೇ ಹೋಗುತ್ತವೆ. ಆದರೆ ಕಲ್ಲು ನಾಳದಲ್ಲೇ ಇದ್ದು, ಕಿಡ್ನಿ ಆ ಒತ್ತಡಕ್ಕೆ ಹೊಂದಿಕೊಂಡಾಗಲೂ ನೋವು ನಿಲ್ಲುತ್ತದೆ. ಪೂರ್ತಿ ಕಟ್ಟಿಕೊಂಡ ಕಿಡ್ನಿ ಹಾಗೇ ವಾರಗಟ್ಟಲೆ ಉಳಿದರೆ, ಆಮೇಲೆ ಕಲ್ಲು ತೆಗೆದರೂ ಅದು ಮೊದಲಿನಂತೆ ಕೆಲಸ ಮಾಡದೇ ಇರಬಹುದು. ನೋವು ನಿಂತಿದೆ ಅಂತ ಎರಡನೇ ಸ್ಕ್ಯಾನಿಂಗ್ ಬಿಟ್ಟವರಲ್ಲೇ ಈ ನಷ್ಟ ಆಗುವುದು. ಮೂತ್ರವನ್ನು ತೆಳು ಬಟ್ಟೆ ಅಥವಾ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಕಲ್ಲು ಸಿಕ್ಕರೆ ಡಬ್ಬಿಯಲ್ಲಿ ಹಾಕಿ ಡಾಕ್ಟರಿಗೆ ಕೊಡಿ, ಯಾವ ಜಾತಿಯ ಕಲ್ಲು ಅಂತ ಪರೀಕ್ಷೆ ಮಾಡಬಹುದು. ಸಿಗಲಿ ಬಿಡಲಿ, ಅವರು ಹೇಳಿದ ದಿನ ಮತ್ತೆ ಸ್ಕ್ಯಾನ್ ಮಾಡಿಸಿ.

ಬಾಳೆದಿಂಡು, ಹುರುಳಿ ಕಟ್ಟು, ಕಾಡುಬಸಳೆ, ಇವೆಲ್ಲ ಕೆಲಸ ಮಾಡ್ತಾವಾ?

ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟಿನ ಸಾರು ಒಳ್ಳೆಯ ಊಟ. ತಿನ್ನಿ, ನನ್ನ ತಕರಾರಿಲ್ಲ. ಆದರೆ ಇವು ಕಲ್ಲನ್ನು ಕರಗಿಸುತ್ತವೆ ಅಂತ ನಂಬಿ ಕೂರಬೇಡಿ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅದನ್ನು ಕರಗಿಸುವ ಔಷಧಿ ಆಸ್ಪತ್ರೆಯಲ್ಲೂ ಇಲ್ಲ. ಔಷಧಿಯಿಂದ ಕರಗಿಸಬಹುದಾದ್ದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲನ್ನು. ದಿಂಡಿನ ರಸ ಕುಡಿದು ಕಲ್ಲು ಬಿತ್ತು ಅನ್ನುವವರಲ್ಲಿ ಅದು ತಾನಾಗಿ ಬೀಳುವಷ್ಟು ಚಿಕ್ಕದಿದ್ದ ಸಾಧ್ಯತೆಯೇ ಹೆಚ್ಚು.

ಹುಳಿ ಹಣ್ಣುಗಳ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕರಾವಳಿಯ ಮನೆಯಂಗಳದಲ್ಲಿ ಬೆಳೆಯುವ ಬಿಂಬುಳಿಯನ್ನು ಸಾರಿಗೆ, ಉಪ್ಪಿನಕಾಯಿಗೆ ಹಾಕುವುದು ಬೇರೆ, ಕೊಲೆಸ್ಟ್ರಾಲ್ ಇಳಿಯಲಿ ಅಂತ ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಲೇಟ್ ಬಹಳ ಇದೆ. ಹಾಗೆ ಕುಡಿದವರ ಕಿಡ್ನಿ ದಿಢೀರನೆ ಕೈಕೊಟ್ಟ ಪ್ರಕರಣಗಳು ಪಕ್ಕದ ಕೇರಳದಿಂದ ವರದಿಯಾಗಿವೆ. ಧಾರೆಹುಳಿಯೂ (ಸ್ಟಾರ್ ಫ್ರೂಟ್) ಅಷ್ಟೇ. ಕಿಡ್ನಿ ಕಾಯಿಲೆ ಇರುವವರಲ್ಲಿ ಅದು ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಲ್ಲದು. ಅವರು ಅದನ್ನು ಮುಟ್ಟಲೇಬಾರದು.

ಹಾಗಾದ್ರೆ ಎಷ್ಟು ನೀರು ಕುಡೀಬೇಕು?

ಕಲ್ಲು ಆದವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು. ನೀರನ್ನು ಅಳೆಯುವುದಕ್ಕಿಂತ ಮೂತ್ರವನ್ನು ಅಳೆಯುವುದು ಸರಿ, ಏಕೆಂದರೆ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವವರ ಬೆವರು, ಮಡಿಕೇರಿಯಲ್ಲಿ ಕೂತು ಕೆಲಸ ಮಾಡುವವರ ಬೆವರು ಒಂದೇ ಅಲ್ಲ. ಕರಾವಳಿಯಿಂದ ಗಲ್ಫ್‌ಗೆ ದುಡಿಯಲು ಹೋದವರೂ ಇದನ್ನು ನೆನಪಿಡಬೇಕು. ನೋವು ಜೋರಾಗಿರುವಾಗ ಮಾತ್ರ ಒಂದೇ ಸಲ ಚೊಂಬುಗಟ್ಟಲೆ ಕುಡಿಯಬೇಡಿ, ವಾಂತಿ ಜಾಸ್ತಿಯಾಗುತ್ತದೆ ಅಷ್ಟೇ. ಹೃದಯ ದುರ್ಬಲವಾಗಿದ್ದವರು, ಕಿಡ್ನಿ ಕಾಯಿಲೆ ಮುಂದುವರಿದವರು ಡಾಕ್ಟರ್ ಹೇಳಿದ ಅಳತೆ ದಾಟಬಾರದು.

ಉರಿಮೂತ್ರ ಅಂತ ಸುಮ್ನಿದ್ದೆ, ಈಗ ಪಕ್ಕೆ ನೋವು, ಚಳಿಜ್ವರ. ಏನಿದು?

ಸೋಂಕು ಮೂತ್ರಕೋಶದಿಂದ ಮೇಲೇರಿ ಕಿಡ್ನಿಗೆ ತಲುಪಿದೆ ಅಂತಲೇ ಮೊದಲು ಅನುಮಾನಿಸಬೇಕು. ಬಹುಪಾಲು ಕಾರಣ ಕರುಳಿನಲ್ಲೇ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ. ಹೆಂಗಸರಲ್ಲಿ ಮೂತ್ರದ್ವಾರದ ನಾಳ ಗಿಡ್ಡ, ಹಾಗಾಗಿ ಅವರಿಗೆ ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ಶೌಚಾಲಯವಿಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ, ಮೂತ್ರ ಕಟ್ಟಿಕೊಂಡು ದಿನ ಕಳೆಯುವ ಹೆಣ್ಣುಮಕ್ಕಳಿಗೆ ಇದು ಮರಳಿ ಮರಳಿ ಬರುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಮೆಡಿಕಲ್ ಶಾಪಿನಿಂದ ಎರಡು ಆಂಟಿಬಯಾಟಿಕ್ ಮಾತ್ರೆ ತಂದು ನುಂಗಬೇಡಿ. ಮೊದಲು ಮೂತ್ರದ ಕಲ್ಚರ್‌ಗೆ (ಯಾವ ರೋಗಾಣು ಅಂತ ತಿಳಿಯುವ ಪರೀಕ್ಷೆ) ಸ್ಯಾಂಪಲ್ ಕೊಡಿ, ಆಮೇಲೆ ಔಷಧಿ ಶುರುವಾಗಲಿ. ಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಇದರ ಜೊತೆ ಕಲ್ಲೂ ಸಿಕ್ಕಿಕೊಂಡಿದ್ದರೆ ಕಟ್ಟಿದ ಕಿಡ್ನಿಯಲ್ಲಿ ಕೀವು ತುಂಬುತ್ತದೆ. ಆಗ ಬರೀ ಔಷಧಿ ಸಾಲದು, ಮೂತ್ರಕ್ಕೆ ಬೇಗ ದಾರಿ ಮಾಡಿಕೊಡಲೇಬೇಕು. ತಡವಾದರೆ ಜೀವಕ್ಕೇ ಅಪಾಯ.

ಮಗು ಆಗಾಗ ಹೊಟ್ಟೆನೋವು ಅನ್ನುತ್ತೆ. ಅದೂ ಕಿಡ್ನಿ ಇರಬಹುದಾ?

ಇರಬಹುದು. ಚಿಕ್ಕ ಮಕ್ಕಳು ಪಕ್ಕೆ ತೋರಿಸುವುದಿಲ್ಲ, ಹೊಕ್ಕಳು ತೋರಿಸುತ್ತಾರೆ. ನೆಗಡಿ ಕೆಮ್ಮು ಇಲ್ಲದೆ ಜ್ವರ ಬರುವುದು, ಮೂತ್ರ ಮಾಡುವಾಗ ಅಳುವುದು, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟ ಮಗು ಮತ್ತೆ ಶುರು ಮಾಡುವುದು ಕಂಡರೆ ಮೂತ್ರ ಪರೀಕ್ಷೆ ಮಾಡಿಸಿ.

## ದೀರ್ಘ ಕಾಯಿಲೆಯ ನೋವುಗಳು

ಮಂಡಿ ನೋವಿಗೆ ದಿನಾ ಒಂದು ಮಾತ್ರೆ ನುಂಗ್ತೀನಿ. ಕಿಡ್ನಿಗೆ ತೊಂದರೆನಾ?

ಯಾವ ಮಾತ್ರೆ ಅನ್ನುವುದರ ಮೇಲಿದೆ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಕಾಣದಿದ್ದರೆ ಮೊಮ್ಮಕ್ಕಳಿಂದ ಓದಿಸಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ನಿಮೆಸುಲೈಡ್, ಎಟೋರಿಕಾಕ್ಸಿಬ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಜಾಗ್ರತೆ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಗಳೂ ಬರುತ್ತವೆ, ಹಾಗಾಗಿ ಮೊದಲ ಹೆಸರು ಓದಿ ನಿಲ್ಲಿಸಬೇಡಿ.

ಕಿಡ್ನಿಗೆ ರಕ್ತ ತರುವ ಸಣ್ಣ ನಾಳ ಅಗಲವಾಗಿರಲು ದೇಹ ಪ್ರೋಸ್ಟಾಗ್ಲ್ಯಾಂಡಿನ್ ಎಂಬ ವಸ್ತು ಮಾಡಿಕೊಳ್ಳುತ್ತದೆ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ಆರೋಗ್ಯವಂತರಿಗೆ ಎರಡು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಯಸ್ಸಾದವರಿಗೆ, ಶುಗರ್ ಇದ್ದವರಿಗೆ, ಬೇಧಿ ವಾಂತಿಯಿಂದ ನೀರು ಬತ್ತಿದವರಿಗೆ ಕಿಡ್ನಿ ದಿಢೀರನೆ ಕುಸಿಯಬಹುದು. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಥರದ ಮಾತ್ರೆ, ಅದರ ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಸೇರುವುದು ಅತಿ ಕೆಟ್ಟದ್ದು. ನಮ್ಮ ಮನೆಗಳಲ್ಲಿ ಅಪ್ಪ ಅಮ್ಮನ ಮಾತ್ರೆ ಡಬ್ಬಿ ತೆರೆದರೆ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪವೇನಲ್ಲ. ಹಾಗಂತ ಬಿಪಿ ಮಾತ್ರೆ ನಿಲ್ಲಿಸಬೇಡಿ, ಡಬ್ಬಿಯನ್ನೇ ಡಾಕ್ಟರ್ ಮುಂದೆ ಇಡಿ.

ಕಿಡ್ನಿ ಕಾಯಿಲೆ ಇದ್ದವರ ನೋವಿಗೆ ಸರಿಯಾದ ಅಳತೆಯ ಪ್ಯಾರಾಸಿಟಮಾಲ್, ಶಾಖ, ಹಚ್ಚುವ ಮುಲಾಮು, ಫಿಸಿಯೋಥೆರಪಿ ಮೊದಲ ದಾರಿ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ "ವಾತದ ಪುಡಿ" ಬೇಡ. ಅಂಥವುಗಳಲ್ಲಿ ಸೀಸ, ಪಾದರಸ, ಇಲ್ಲವೇ ಕದ್ದು ಬೆರೆಸಿದ ನೋವಿನ ಔಷಧಿಯೇ ಸಿಕ್ಕಿದ್ದಿದೆ.

ರಾತ್ರಿ ಮೀನಖಂಡ ಹಿಡಿಯುತ್ತೆ, ಮೂಳೆಯೆಲ್ಲಾ ನೋವು. ಇದು ಕಿಡ್ನಿಯಿಂದಲಾ?

ಕಾಯಿಲೆ ಮುಂದುವರಿದಾಗ ಹೀಗಾಗುತ್ತದೆ. ವಿಟಮಿನ್ ಡಿ ಅನ್ನು ಕೆಲಸಕ್ಕೆ ಬರುವಂತೆ ಮಾಡುವುದು ಕಿಡ್ನಿಯೇ. ಅದು ಸೋತರೆ ಕ್ಯಾಲ್ಸಿಯಂ ಇಳಿಯುತ್ತದೆ, ರಂಜಕ ಏರುತ್ತದೆ, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಸೊಂಟ, ಪಕ್ಕೆಲುಬು, ಕಾಲಿನ ಮೂಳೆ ನೋಯುವುದು ಅದಕ್ಕೇ. ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದುವುದೂ ಉಂಟು. ಆದರೆ ಮೀನಖಂಡ ಹಿಡಿಯುವವರೆಲ್ಲ ಕಿಡ್ನಿ ರೋಗಿಗಳಲ್ಲ. ರಕ್ತ ಪರೀಕ್ಷೆಯೇ ಹೇಳಬೇಕು.

ಯಾವ ಟೆಸ್ಟ್ ಮಾಡಿಸಬೇಕು? ಕ್ರಿಯೇಟಿನಿನ್ 1.2 ಬಂದಿದೆ, ನಾರ್ಮಲ್ ಅಂದ್ರು.

ಮೂರು ಸಾಕು: ರಕ್ತದ ಕ್ರಿಯೇಟಿನಿನ್, ಮೂತ್ರದ ಅಲ್ಬುಮಿನ್-ಕ್ರಿಯೇಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೊಟೀನ್ ಸೋರುತ್ತಿದೆಯೇ ಅಂತ ಹೇಳುತ್ತದೆ), ಹೊಟ್ಟೆಯ ಅಲ್ಟ್ರಾಸೌಂಡ್. ನಾಳದಲ್ಲಿ ಕಲ್ಲಿನ ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಹೆಚ್ಚು ಸ್ಪಷ್ಟ.

ಕ್ರಿಯೇಟಿನಿನ್ ಒಂದೇ ಅಂಕಿಯನ್ನು ನೋಡಿ ನೆಮ್ಮದಿಪಡಬೇಡಿ. ಅದು ಸ್ನಾಯುವಿನಿಂದ ಬರುವ ವಸ್ತು, ಹಾಗಾಗಿ ವಯಸ್ಸು, ಲಿಂಗ ಸೇರಿಸಿ ಇಜಿಎಫ್ಆರ್, ಅಂದರೆ ಕಿಡ್ನಿಯ ಸೋಸುವ ಶಕ್ತಿಯ ಅಂದಾಜು, ಲೆಕ್ಕ ಹಾಕಬೇಕು. 25 ವರ್ಷದ ಹುಡುಗನಿಗೆ 1.2 ಅಂದರೆ ಇಜಿಎಫ್ಆರ್ ಸುಮಾರು 86. ಅದೇ 1.2 ಎಪ್ಪತ್ತರ ಅಜ್ಜಿಗೆ ಬಂದರೆ ಸುಮಾರು 49. ಒಂದೇ ಅಂಕಿ, ಹುಡುಗನಿಗೆ ಚಿಂತೆಯಿಲ್ಲ, ಅಜ್ಜಿಗೆ ತಪಾಸಣೆ ಬೇಕು. ಇಜಿಎಫ್ಆರ್ 60ಕ್ಕಿಂತ ಕಡಿಮೆ, ಅಥವಾ ಮೂತ್ರದ ಅನುಪಾತ 30ಕ್ಕಿಂತ ಜಾಸ್ತಿ, ಮೂರು ತಿಂಗಳಾದರೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಇಜಿಎಫ್ಆರ್ 15ಕ್ಕಿಂತ ಕೆಳಗಿಳಿದರೆ ಕೊನೆಯ ಹಂತ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿಗೆಂದೇ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ. ಆದರೆ ಮೊದಲ ಪರೀಕ್ಷೆಗೆ ಅಷ್ಟು ದೂರ ಬರಬೇಕಿಲ್ಲ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ.

## ಚಿಕಿತ್ಸೆಯಲ್ಲಿ ಇರುವವರಿಗೆ

ಕಲ್ಲು ತೆಗೆದು ಸ್ಟೆಂಟ್ ಹಾಕಿದಾರೆ. ಮೂತ್ರ ಮಾಡುವಾಗ ಪಕ್ಕೆ ಹಿಂಡುತ್ತೆ, ಸರಿ ಹೋಗುತ್ತಾ?

ಇದು ಸಾಮಾನ್ಯ. ಡಿಜೆ ಸ್ಟೆಂಟ್ ಅಂದರೆ ಮೂತ್ರನಾಳ ತೆರೆದಿಡುವ ತೆಳು ಕೊಳವೆ. ಅದರ ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಇರುತ್ತದೆ. ಮೂತ್ರಕೋಶ ಹಿಂಡಿದಾಗ ಒತ್ತಡ ಮೇಲಕ್ಕೂ ಹೋಗಿ ಪಕ್ಕೆ ನೋಯುತ್ತದೆ. ಸ್ವಲ್ಪ ಕೆಂಪು ಮೂತ್ರವೂ ಬರಬಹುದು. ಆದರೆ ಜ್ವರ ಬಂದರೆ ಆಸ್ಪತ್ರೆಗೆ ಓಡಿ. ನೋವು ಒಗ್ಗಿಹೋದ ಮೇಲೆ ಸ್ಟೆಂಟ್ ತೆಗೆಸುವುದನ್ನೇ ಮರೆಯುವವರಿದ್ದಾರೆ. ತಿಂಗಳುಗಳು ಕಳೆದರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ತೆಗೆಸಬೇಕಾದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಅಪ್ಪನಿಗೆ ಕಿಡ್ನಿಯಲ್ಲಿ ನೀರುಗುಳ್ಳೆ ಇತ್ತು. ನಂಗೂ ಹೊಟ್ಟೆ ಪಕ್ಕ ಭಾರ ಅನ್ಸುತ್ತೆ.

ಸ್ಕ್ಯಾನಿಂಗ್‌ನಲ್ಲಿ ಒಂದೆರಡು ನೀರುಗುಳ್ಳೆ ಕಾಣುವುದು ವಯಸ್ಸಾದವರಲ್ಲಿ ಮಾಮೂಲು. ಎರಡೂ ಕಿಡ್ನಿಯ ತುಂಬ ಗುಳ್ಳೆಗಳಿದ್ದರೆ ಅದು ಪಾಲಿಸಿಸ್ಟಿಕ್ ಕಾಯಿಲೆ, ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಅಪ್ಪನ ಹಳೆಯ ವರದಿ ಹುಡುಕಿ, ನೀವೂ ಸ್ಕ್ಯಾನ್ ಮಾಡಿಸಿ, ಬಿಪಿ ನೋಡಿಸಿ.

ಡಯಾಲಿಸಿಸ್ ಆಗುವಾಗ ಕಾಲು ಸೆಟೆದು ಪ್ರಾಣ ಹೋದ ಹಾಗಾಗುತ್ತೆ. ಏನು ಮಾಡೋದು?

ಎರಡು ಡಯಾಲಿಸಿಸ್ ನಡುವೆ ತೂಕ ಜಾಸ್ತಿ ಏರಿದ್ದರೆ ಅಷ್ಟೂ ನೀರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕಾಗುತ್ತದೆ, ಕಾಲು ಹಿಡಿಯುವುದು ಹೆಚ್ಚಾಗಿ ಅದಕ್ಕೆ. ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆಯೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯಿಂದ ಶುರು ಮಾಡಿ. ಪ್ರತಿ ಸಲವೂ ಹೀಗಾದರೆ ನಿಗದಿಪಡಿಸಿದ ಒಣ ತೂಕ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ತಪ್ಪಿರಬಹುದು, ಮತ್ತೆ ನೋಡಲು ಕೇಳಿ. ಎದೆ ನೋವು ಬಂದರೆ ಮುಗಿಯಲಿ ಅಂತ ತಡೆದುಕೊಳ್ಳಬೇಡಿ, ಸಿಸ್ಟರ್‌ಗೆ ಆಗಲೇ ಹೇಳಿ. ಫಿಸ್ಟುಲಾದ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ) ಕೈ ಕೆಂಪಾಗಿ ನೋಯುತ್ತಿದ್ದರೆ, ಅಥವಾ ಅಲ್ಲಿನ ಝುಮ್ಮೆನ್ನುವ ಮಿಡಿತ ನಿಂತಿದ್ದರೆ ಅದೇ ದಿನ ತೋರಿಸಬೇಕು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಹೊಟ್ಟೆನೋವಿನ ಜೊತೆ ಹೊರಬಂದ ದ್ರವ ಮಬ್ಬಾಗಿದ್ದರೆ ಸೋಂಕು, ಆ ಚೀಲವನ್ನೂ ಜೊತೆಗೇ ಒಯ್ಯಿರಿ.

ಅಣ್ಣನಿಗೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿಗೆ ತೊಂದರೆಯಾದ್ರೆ ನೋವು ಎಲ್ಲಿ ಬರುತ್ತೆ?

ಹೊಸ ಕಿಡ್ನಿಯನ್ನು ಕೂರಿಸುವುದು ಬೆನ್ನಲ್ಲಿ ಅಲ್ಲ, ಮುಂದೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ. ನೋವು ಅಥವಾ ಬಿಗಿತ ಬಂದರೆ ಅಲ್ಲೇ ಬರುತ್ತದೆ. ಆದರೆ ಕಸಿ ಮಾಡುವಾಗ ಅದರ ನರಗಳನ್ನು ಕತ್ತರಿಸಿರುತ್ತಾರೆ, ಹಾಗಾಗಿ ದೇಹ ಅದನ್ನು ತಿರಸ್ಕರಿಸುತ್ತಿದ್ದರೂ ಹೆಚ್ಚಿನ ಸಲ ನೋವೇ ಇರುವುದಿಲ್ಲ. ಅಣ್ಣ ದಿನಾ ಬೆಳಗ್ಗೆ ತೂಕ, ಬಿಪಿ, ಜ್ವರ ನೋಡಿ ಬರೆದಿಟ್ಟುಕೊಳ್ಳಲಿ. ತೂಕ ಇದ್ದಕ್ಕಿದ್ದಂತೆ ಏರಿದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಕಸಿ ಮಾಡಿದ ತಂಡಕ್ಕೆ ಅವತ್ತೇ ಫೋನ್ ಮಾಡಿ. ಬೇರೆ ಯಾವ ಡಾಕ್ಟರ್ ಹೊಸ ಮಾತ್ರೆ ಬರೆದರೂ, ಅದು ಬರೀ ಕೆಮ್ಮಿಗೇ ಆದರೂ, ಆ ತಂಡವನ್ನು ಕೇಳಿಯೇ ಶುರು ಮಾಡಲಿ.